ಡಾಲ್ಫಿನ್ ಬೇಟೆ: ಕರುಣೆಯ ಹೊರೆ ಯಾರ ಹೆಗಲಿಗೆ?

ಮಾರ್ಗಶಿರದ ಚಳಿ ಎರೆಹೊಲಗಳ ಮೇಲೆ ಇಳಿಯುವ ಹೊತ್ತಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಹಿರೇಬೆಂಡಿಗೇರಿಯಂಥ ಊರಿನಿಂದ ನಸುಕಿನಲ್ಲಿ ಹೊರಟ ಬಸ್ಸು ಶಿಗ್ಗಾಂವಿ, ಬಂಕಾಪುರ, ಹಾನಗಲ್ಲುಗಳನ್ನು ದಾಟಿ, ಶಿರಸಿಯ ಅಡಿಕೆತೋಟಗಳ ತಂಪಿನಲ್ಲಿ ಹಾದು, ದೇವಿಮನೆ ಘಟ್ಟದ ತಿರುವುಗಳಲ್ಲಿ ಅರ್ಧ ಮಕ್ಕಳಿಗೆ ತಲೆ ಸುತ್ತಿಸಿ, ಕೊನೆಗೆ ಮುರುಡೇಶ್ವರದ ತೀರದಲ್ಲಿ ನಿಂತಾಗ, ವರದಾ ಹೊಳೆಗಿಂತ ದೊಡ್ಡ ನೀರನ್ನು ಎಂದೂ ಕಾಣದ ಆ ಎಳೆಯರು ಒಂದು ಕ್ಷಣ ಮಾತು ಮರೆತು ನಿಲ್ಲುತ್ತಾರೆ.

ದೋಣಿಯಲ್ಲಿ ಕುಳಿತು ತುಸು ದೂರ ಹೋದವರಿಗೆ ಭಾಗ್ಯವಿದ್ದರೆ ಇನ್ನೂ ಒಂದು ದರ್ಶನವುಂಟು. ಬೂದುಬಣ್ಣದ ಬೆನ್ನೊಂದು ನೀರನ್ನು ಸೀಳಿ ಮೇಲೆದ್ದು, ಉಸಿರನ್ನು ಬುಸ್ಸೆಂದು ಬಿಟ್ಟು, ಬಾಗಿ ಮರೆಯಾಗುತ್ತದೆ. ಅದರ ಪಕ್ಕದಲ್ಲಿಯೇ ಅದರ ಅರ್ಧದಷ್ಟಿಲ್ಲದ ಮರಿಯ ಬೆನ್ನು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಊರಿಗೆ ಮರಳಿದ ಮೇಲೆ ಗೋಪುರವನ್ನೂ ಶಿವನ ಮೂರ್ತಿಯನ್ನೂ ಕುರಿತು ಹೇಳುವುದಕ್ಕಿಂತ ಮೊದಲು ಅವರು ಹೇಳುವುದು ಈ ಬೆನ್ನಿನ ಕಥೆಯನ್ನೇ.

ಅದೇ ಚಳಿಗಾಲದ ತಿಂಗಳುಗಳಲ್ಲಿ, ಜಪಾನಿನ ತೈಜಿ ಎಂಬ ಸಣ್ಣ ಊರಿನ ಕೊಲ್ಲಿಯೊಂದರಲ್ಲಿ, ಇದೇ ಕುಲದ ಪ್ರಾಣಿಗಳ ಹಿಂಡುಗಳನ್ನು ಅಟ್ಟಿ ತಂದು ಕೊಲ್ಲುವ ಕಾರ್ಯ ಸರ್ಕಾರದ ಅನುಮತಿಯೊಡನೆ ನಡೆಯುತ್ತದೆ. ಜಗತ್ತಿನಲ್ಲಿ ಅದಕ್ಕೆ ಬಹುಕಾಲದಿಂದ ಪ್ರತಿಭಟನೆಯುಂಟು. ವಾರ್ತೆಯಲ್ಲಿ ಕೆಂಪಾದ ಸಮುದ್ರದ ಚಿತ್ರವನ್ನು ನೋಡಿ ನಾವೂ ನಿಟ್ಟುಸಿರು ಬಿಡುತ್ತೇವೆ. ಆದರೆ ಆ ಬೇಟೆ ಹೇಗೆ ನಡೆಯುತ್ತದೆ, ಅದನ್ನು ಸಮರ್ಥಿಸುವವರ ಮಾತೇನು, ನಮ್ಮ ಕಡಲಿನಲ್ಲಿ ಡಾಲ್ಫಿನ್ನಿನ ಗತಿಯೇನು ಎಂಬುದನ್ನು ವಿಚಾರಿಸಿದವರು ಕಡಮೆ.

ಮೀನಲ್ಲದ ಮೀನು

ಮೊದಲಿಗೆ ತಿಳಿಯಬೇಕಾದದ್ದು, ಡಾಲ್ಫಿನ್ ಮೀನಲ್ಲವೆಂಬುದು. ಅದು ತಿಮಿಂಗಿಲಗಳ ಬಳಗಕ್ಕೆ ಸೇರಿದ, ಬಿಸಿರಕ್ತದ, ಮರಿ ಹಾಕಿ ಮೊಲೆಯೂಡಿಸುವ ಸಸ್ತನಿ. ನಮ್ಮಂತೆಯೇ ಅದಕ್ಕೆ ಶ್ವಾಸಕೋಶಗಳುಂಟು. ತಲೆಯ ಮೇಲಿರುವ ರಂಧ್ರದಿಂದ ಉಸಿರಾಡಲು ಅದು ಕೆಲವು ನಿಮಿಷಗಳಿಗೊಮ್ಮೆ ನೀರಿನ ಮೇಲೆ ಬರಲೇಬೇಕು. ನಮಗೆ ಉಸಿರು ನಿದ್ದೆಯಲ್ಲಿಯೂ ತಾನಾಗಿ ನಡೆಯುತ್ತದೆ. ಡಾಲ್ಫಿನ್ನಿಗೆ ಪ್ರತಿಯೊಂದು ಉಸಿರೂ ಎಚ್ಚರದ ಕ್ರಿಯೆ. ಆದ್ದರಿಂದ ಅದು ಮಿದುಳಿನ ಒಂದು ಪಾಲನ್ನು ಎಚ್ಚರವಾಗಿರಿಸಿಕೊಂಡು ಇನ್ನೊಂದು ಪಾಲಿನಿಂದ ಮಾತ್ರ ನಿದ್ರಿಸುತ್ತದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಬಲೆಯ ವಿಷಯ ಬಂದಾಗ ಇದು ಬೇಕಾಗುತ್ತದೆ.

ಕಣ್ಣಿಗಿಂತ ಕಿವಿಯೇ ಅದಕ್ಕೆ ಆಧಾರ. ತಾನೇ ಹೊರಡಿಸಿದ ಧ್ವನಿ ಎದುರಿನ ವಸ್ತುವಿಗೆ ತಾಗಿ ಹಿಂದಿರುಗುವುದನ್ನು ಕೇಳಿ, ಕದಡಿದ ನೀರಿನಲ್ಲಿಯೂ ಮೀನಿನ ಇರವನ್ನು ಅದು ಅರಿಯಬಲ್ಲದು. ಸುಮಾರು 12 ತಿಂಗಳು ಗರ್ಭವನ್ನು ಹೊತ್ತು, ಒಂದೇ ಮರಿಯನ್ನು ಹೆತ್ತು, ಅದನ್ನು ವರ್ಷಗಟ್ಟಲೆ ಬೆನ್ನಿಗಿಟ್ಟುಕೊಂಡು ಬೆಳೆಸುವ ತಾಯಿ ಮುಂದಿನ ಬಸಿರಿಗೆ ಸಿದ್ಧವಾಗಲು ಎರಡು ಮೂರು ವರ್ಷಗಳೇ ಬೇಕು. ಬೂತಾಯಿ, ಬಂಗುಡೆಗಳಂತೆ ಸಾವಿರಾರು ಮೊಟ್ಟೆಯಿಟ್ಟು ಒಂದೆರಡು ಋತುಗಳಲ್ಲಿ ನಷ್ಟವನ್ನು ತುಂಬಿಕೊಳ್ಳುವ ಕುಲವಲ್ಲ ಇದು.

ಕರ್ನಾಟಕದ ತೀರದಲ್ಲಿ ಕಾಳಿ, ಶರಾವತಿಗಳ ಅಳಿವೆಯ ಬಳಿ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ತೀರಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿಯೇ ಅದರ ಸಂಸಾರವಾದುದರಿಂದ ಮನುಷ್ಯನ ದೋಣಿಗೂ ಬಲೆಗೂ ಅದು ನಿತ್ಯದ ನೆರೆಯವ.

ಕಡಲು ಕಾಣದ ನಾಡಿನವರಿಗೂ ಈ ಪ್ರಾಣಿ ಪೂರಾ ಅಪರಿಚಿತವೇನಲ್ಲ. ಸಂಸ್ಕೃತದಲ್ಲಿ ಇದಕ್ಕೆ ಶಿಶುಮಾರವೆಂಬ ಹೆಸರುಂಟು. ಭಾಗವತದ ಐದನೆಯ ಸ್ಕಂಧದಲ್ಲಿ ನಕ್ಷತ್ರಮಂಡಲವನ್ನೇ ಶಿಶುಮಾರದ ಆಕಾರದಲ್ಲಿ ಕಲ್ಪಿಸಿ ಧ್ರುವನನ್ನು ಅದರ ಬಾಲದ ತುದಿಯಲ್ಲಿ ನಿಲ್ಲಿಸಿದ್ದಾರೆ. ಗಂಗೆಯ ವಾಹನವಾದ ಮಕರದಲ್ಲಿ ಮೊಸಳೆಯ ಜೊತೆಗೆ ಈ ಪ್ರಾಣಿಯ ಅಂಶವೂ ಕೂಡಿರಬೇಕೆಂದು ಹೇಳುವವರುಂಟು. ಚಾಳುಕ್ಯರ ಕಾಲದ ದೇಗುಲಗಳಲ್ಲಿ ಮಕರತೋರಣವನ್ನು ಕಡೆದ ನಮ್ಮ ಶಿಲ್ಪಿಗಳಲ್ಲಿ ಸಮುದ್ರವನ್ನು ಕಂಡವರು ಎಷ್ಟು ಮಂದಿ ಇದ್ದರೋ! ನಮ್ಮ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ‘ಸಮುದ್ರ ಗೀತೆಗಳು’ ಎಂಬ ಸಂಕಲನವನ್ನೇ ರಚಿಸಿದರು. ಬಯಲುಸೀಮೆಯ ಮನಸ್ಸಿಗೆ ಕಡಲಿನ ಕರೆ ಕೇಳದಿರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ತೈಜಿಯ ಕೊಲ್ಲಿಯಲ್ಲಿ

ತೈಜಿ ಸುಮಾರು ಮೂರು ಸಾವಿರ ಜನರ ಊರು. ತಿಮಿಂಗಿಲ ಬೇಟೆ ಅಲ್ಲಿ 17ನೆಯ ಶತಮಾನದ ಆರಂಭದಿಂದ ನಡೆದುಬಂದ ಕಸುಬು. 1878ರ ಡಿಸೆಂಬರಿನಲ್ಲಿ ಮರಿಯೊಡನಿದ್ದ ತಿಮಿಂಗಿಲವೊಂದನ್ನು ಬೆನ್ನಟ್ಟಿ ಹೋದ ದೋಣಿಗಳು ಬಿರುಗಾಳಿಗೆ ಸಿಕ್ಕಿ ನೂರಕ್ಕೂ ಹೆಚ್ಚು ಬೇಟೆಗಾರರು ಮಡಿದ ದುರಂತವನ್ನು ಆ ಊರು ಇಂದಿಗೂ ಮರೆತಿಲ್ಲ. ಆ ಕಡಲಿನೊಡನೆ ಅವರದು ಪ್ರಾಣವನ್ನೇ ಪಣವಿಟ್ಟ ಸಂಬಂಧವಾಗಿತ್ತೆಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಡಾಲ್ಫಿನ್ನುಗಳನ್ನು ಹಿಂಡುಹಿಂಡಾಗಿ ಕೊಲ್ಲಿಗೆ ಅಟ್ಟುವ ಇಂದಿನ ಪದ್ಧತಿ ಅಷ್ಟು ಪುರಾತನವಲ್ಲ. 1969ರಲ್ಲಿ ಅಲ್ಲಿ ತಿಮಿಂಗಿಲ ವಸ್ತುಸಂಗ್ರಹಾಲಯ ತೆರೆದಾಗ, ಅದರ ಕೊಳಗಳಲ್ಲಿ ಪ್ರದರ್ಶಿಸಲು ಜೀವಂತ ಪ್ರಾಣಿಗಳು ಬೇಕಾದವು; ಸಂಘಟಿತವಾದ ಅಟ್ಟುಬೇಟೆ ನೆಲೆಗೊಂಡದ್ದು ಆ ಕಾಲದಲ್ಲಿ.

ಅದು ನಡೆಯುವ ಬಗೆ ಹೀಗೆ. ಸೆಪ್ಟೆಂಬರಿನಿಂದ ವಸಂತದವರೆಗಿನ ಋತುವಿನಲ್ಲಿ ಬೆಳಗಾಗುತ್ತಲೇ ದೋಣಿಗಳು ಹೊರಗಡಲಿಗೆ ಹೋಗುತ್ತವೆ. ಹಿಂಡು ಕಂಡೊಡನೆ ಅದರ ಹಿಂದೆ ಸಾಲಾಗಿ ನಿಂತು, ನೀರಿನಲ್ಲಿಳಿಸಿದ ಉದ್ದನೆಯ ಕಬ್ಬಿಣದ ಕೊಳವೆಗಳನ್ನು ಸುತ್ತಿಗೆಯಿಂದ ಬಡಿಯುತ್ತಾರೆ. ಕಿವಿಯನ್ನೇ ನಂಬಿ ಬದುಕುವ ಪ್ರಾಣಿಗೆ ಆ ಸದ್ದು ಗೋಡೆಯಂತಾಗಿ, ದಿಕ್ಕುಗೆಟ್ಟು, ಸದ್ದಿಲ್ಲದ ಕಡೆಗೆ, ಎಂದರೆ ಕೊಲ್ಲಿಯ ಕಡೆಗೆ, ಓಡುತ್ತದೆ. ಕೊಲ್ಲಿಯ ಬಾಯಿಗೆ ಬಲೆ ಬೀಳುತ್ತದೆ.

ಅನಂತರ ಆಯ್ಕೆ. ಎಳೆಯವೂ ಸುಂದರವೂ ಆದ ಕೆಲವನ್ನು ಪ್ರದರ್ಶನಕ್ಕೆಂದು ಬೇರ್ಪಡಿಸುತ್ತಾರೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಶ್ವಾಸರಂಧ್ರದ ಹಿಂದೆ ಲೋಹದ ಮೊಳೆಯಿಳಿಸಿ ಕೊಲ್ಲುತ್ತಾರೆ. ಮಾಂಸಕ್ಕೆ ಸಿಗುವ ಬೆಲೆಗೂ ಪಳಗಿಸಿದ ಜೀವಂತ ಪ್ರಾಣಿಗೆ ಸಿಗುವ ಬೆಲೆಗೂ ಅಜಗಜಾಂತರವುಂಟು: ಒಂದಕ್ಕೆ ನೂರಾರು ಡಾಲರು, ಇನ್ನೊಂದಕ್ಕೆ ಹತ್ತಾರು ಸಾವಿರ. ಆಹಾರದ ಪರಂಪರೆಯೆಂದು ಹೇಳಲಾಗುವ ಈ ಬೇಟೆಯನ್ನು ಆರ್ಥಿಕವಾಗಿ ಎತ್ತಿಹಿಡಿದಿರುವುದು ಊಟದ ಎಲೆಗಿಂತ ಹೆಚ್ಚಾಗಿ ಪ್ರದರ್ಶನದ ಕೊಳವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ‘ಫ್ಲಿಪ್ಪರ್’ ಎಂಬ ದೂರದರ್ಶನ ಮಾಲಿಕೆಗಾಗಿ ಡಾಲ್ಫಿನ್ನುಗಳನ್ನು ಪಳಗಿಸಿದ ರಿಕ್ ಒಬ್ಯಾರಿ ಎಂಬ ಅಮೆರಿಕನ್ನರು ತಾವು ಪಳಗಿಸಿದ ಒಂದು ಪ್ರಾಣಿ ತಮ್ಮ ತೋಳಿನಲ್ಲಿಯೇ ಸತ್ತುದನ್ನು ಕಂಡು, ಮುಂದಿನ ಜೀವಮಾನವನ್ನೆಲ್ಲ ಈ ಉದ್ಯಮದ ವಿರುದ್ಧ ವೆಚ್ಚಮಾಡಿದರು. ತೈಜಿಯನ್ನು ಜಗತ್ತಿಗೆ ತೋರಿಸಿದ 2009ರ ‘ದಿ ಕೋವ್’ ಎಂಬ ಸಾಕ್ಷ್ಯಚಿತ್ರದ ಕೇಂದ್ರದಲ್ಲಿ ನಿಂತವರು ಅವರೇ.

2015ರಲ್ಲಿ ಜಾಗತಿಕ ಮೃಗಾಲಯ ಸಂಘದ ಒತ್ತಡಕ್ಕೆ ಮಣಿದು, ಜಪಾನಿನ ಮೃಗಾಲಯಗಳ ಸಂಘವು ತೈಜಿಯ ಬೇಟೆಯಿಂದ ಡಾಲ್ಫಿನ್ ಕೊಳ್ಳುವುದನ್ನು ತನ್ನ ಸದಸ್ಯರಿಗೆ ನಿಷೇಧಿಸಿತು. ಬೇಟೆ ಮಾತ್ರ ನಿಲ್ಲಲಿಲ್ಲ.

‘ನಿಮ್ಮ ಊಟವೇನು?’ ಎಂಬ ಪ್ರಶ್ನೆ

ಉತ್ತರ ಅಟ್ಲಾಂಟಿಕಿನ ಫಾರೋ ದ್ವೀಪಗಳಲ್ಲಿ ಇಂಥದೇ ಬೇಟೆಯ ದಾಖಲೆ 1584ರಿಂದ ಉಂಟು. ಅಲ್ಲಿ ಮುಖ್ಯವಾಗಿ ಡಾಲ್ಫಿನ್ ಕುಲದ್ದೇ ಆದ ಪೈಲಟ್ ತಿಮಿಂಗಿಲಗಳನ್ನು ದಡಕ್ಕೆ ಅಟ್ಟಿ ಕೊಂದು, ಮಾಂಸವನ್ನು ಊರವರು ಹಣವಿಲ್ಲದೆ ಹಂಚಿಕೊಳ್ಳುತ್ತಾರೆ. ಪೈರು ಅಷ್ಟಾಗಿ ಬೆಳೆಯದ ಬಂಡೆನೆಲದಲ್ಲಿ ತಲೆಮಾರುಗಳನ್ನು ಬದುಕಿಸಿದ ಆಹಾರವಿದು. 2021ರ ಸೆಪ್ಟೆಂಬರ್ 12ರಂದು ಒಂದೇ ದಿನ 1,428 ಡಾಲ್ಫಿನ್ನುಗಳನ್ನು ಅಲ್ಲಿ ಕೊಂದಾಗ, ಹೊರಗಿನವರು ಮಾತ್ರವಲ್ಲ, ದ್ವೀಪವಾಸಿಗಳಲ್ಲಿಯೇ ಅನೇಕರು ತಲೆತಗ್ಗಿಸಿದರು. ಮರುವರ್ಷ ಸರ್ಕಾರ ಡಾಲ್ಫಿನ್ನುಗಳಿಗೆ ವರ್ಷಕ್ಕೆ 500ರ ಮಿತಿಯನ್ನು ಹಾಕಿತು. ಪೆಸಿಫಿಕ್ಕಿನ ಸೊಲೊಮನ್ ದ್ವೀಪಗಳ ಮಲೈಟದಲ್ಲಿ ಡಾಲ್ಫಿನ್ನಿನ ಹಲ್ಲುಗಳೇ ವಧುದಕ್ಷಿಣೆ, ಅವೇ ಆಭರಣ.

ಇವರೆಲ್ಲರೂ ಹೊರಗಿನ ಟೀಕಾಕಾರರಿಗೆ ಕೇಳುವ ಪ್ರಶ್ನೆ ಒಂದೇ: ‘ನೀವು ಹಂದಿಯನ್ನೂ ದನವನ್ನೂ ಕುರಿಯನ್ನೂ ಕೊಲ್ಲುವುದಿಲ್ಲವೆ? ನಮ್ಮ ಪ್ರಾಣಿ ಬಯಲಲ್ಲಿ ಸಾಯುತ್ತದೆ, ನಿಮ್ಮದು ಗೋಡೆಯ ಹಿಂದೆ ಸಾಯುತ್ತದೆ. ಇದಕ್ಕಿಂತ ಬೇರೆ ಭೇದವೇನು?’ ಪ್ರಾಮಾಣಿಕನಾದವನು ಈ ಪ್ರಶ್ನೆಯನ್ನು ಬದಿಗೆ ತಳ್ಳಲಾರ. ಒಬ್ಬರ ಪಂಕ್ತಿಯ ಅನ್ನವನ್ನು ಇನ್ನೊಬ್ಬರು ಹೇಸುವ ಪರಿಪಾಠ ನಮ್ಮ ನಾಡಿನಲ್ಲಿ ಎಷ್ಟು ಮನಸ್ಸುಗಳನ್ನು ಮುರಿದಿದೆಯೆಂಬುದನ್ನು ಬಲ್ಲ ನಾವಂತೂ, ಪರರ ಆಹಾರವನ್ನು ಕುರಿತು ಮಾತನಾಡುವಾಗ ನಾಲಗೆಯನ್ನು ಬಿಗಿಹಿಡಿಯುವುದು ಲೇಸು.

ಸಾಮಾನ್ಯವಾಗಿ ಇದಕ್ಕೆ ಕೊಡುವ ಉತ್ತರ ಬುದ್ಧಿಯದು. ಡಾಲ್ಫಿನ್ ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸಿಕೊಳ್ಳಬಲ್ಲದೆಂದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪ್ರತಿಯೊಂದಕ್ಕೂ ಹೆಸರಿನಂತಹ ಒಂದು ಸಿಳ್ಳುಂಟು. 2018ರಲ್ಲಿ ಡಾಲ್ಫಿನ್ ಕುಲದ ಓರ್ಕಾ ತಾಯಿಯೊಂದು ಸತ್ತ ಮರಿಯನ್ನು ತಲೆಯ ಮೇಲೆ ಹೊತ್ತು 17 ದಿನ ಈಜಿತು. ಇವೆಲ್ಲ ಹೃದಯವನ್ನು ಕರಗಿಸುವ ಸಂಗತಿಗಳು. ಆದರೂ ಬುದ್ಧಿವಂತವಾದುದರಿಂದ ಕೊಲ್ಲಕೂಡದೆಂಬ ವಾದದಲ್ಲಿ ನನಗೆ ನಂಬಿಕೆ ಸಾಲದು. ಬುದ್ಧಿಯ ಅಳತೆಗೋಲಿನಿಂದ ಜೀವದ ಬೆಲೆ ಕಟ್ಟಹೊರಟರೆ ಕೋಳಿಯೂ ಕುರಿಯೂ ಅನಾಥವಾಗುತ್ತವೆ, ಮನುಷ್ಯರಲ್ಲಿಯೂ ಮಂದಮತಿಗಳಿಗೆ ನೆಲೆಯಿಲ್ಲದಾಗುತ್ತದೆ.

ನನಗೆ ಗಟ್ಟಿಯೆನಿಸುವ ಕಾರಣಗಳು ಬೇರೆ. ಈ ಪ್ರಾಣಿಯನ್ನು ಯಾರೂ ಸಾಕಿ ಬೆಳೆಸಿದವರಲ್ಲ. ಕೊಂದುದನ್ನು ಮರಳಿ ತುಂಬುವ ಶಕ್ತಿ ಯಾರ ಕೊಟ್ಟಿಗೆಯಲ್ಲಿಯೂ ಇಲ್ಲ. ಅದು ಕುಟುಂಬವಾಗಿ ಬದುಕುತ್ತದೆ, ಅಟ್ಟುಬೇಟೆಯಲ್ಲಿ ಇಡೀ ಕುಟುಂಬವೇ ಅಳಿಯುತ್ತದೆ. ಸಾವು ದೀರ್ಘವೂ ಭಯಂಕರವೂ ಆಗಿರುತ್ತದೆ. ಇವುಗಳ ಮೇಲೆ, ತಿನ್ನುವವರಿಗೂ ಅದು ಹಿತವಲ್ಲ. ಸಮುದ್ರದ ಆಹಾರಸರಣಿಯ ತುದಿಯಲ್ಲಿರುವ ಈ ಪ್ರಾಣಿಗಳ ಮಾಂಸದಲ್ಲಿ ಪಾದರಸ ಶೇಖರವಾಗುತ್ತದೆ. ಫಾರೋ ದ್ವೀಪಗಳ ಹಿರಿಯ ವೈದ್ಯಾಧಿಕಾರಿಗಳೇ 2008ರಲ್ಲಿ ಪೈಲಟ್ ತಿಮಿಂಗಿಲ ಇನ್ನು ಮನುಷ್ಯರ ಆಹಾರವಾಗಕೂಡದೆಂದು ಸಾರಿದರು. ಪಾದರಸವನ್ನು ಕಡಲಿಗೆ ಸೇರಿಸಿದವರು ಆ ದ್ವೀಪದವರಲ್ಲ, ಜಗತ್ತಿನ ಕಲ್ಲಿದ್ದಲನ್ನು ಉರಿಸುವ ನಾವೆಲ್ಲರೂ ಎಂಬುದು ಈ ಕಥೆಯ ಅತ್ಯಂತ ದುಃಖದ ಭಾಗ.

ಆಳುವವರ ಲೆಕ್ಕ

ವ್ಯಾಪಾರಕ್ಕಾಗಿ ನಡೆಸುವ ತಿಮಿಂಗಿಲ ಬೇಟೆಗೆ 1986ರಿಂದ ಜಾಗತಿಕ ತಡೆಯುಂಟಷ್ಟೆ. ಡಾಲ್ಫಿನ್ನುಗಳಿಗೆ ಅದೇಕೆ ಅನ್ವಯಿಸುವುದಿಲ್ಲವೆಂದು ಓದುಗರು ಕೇಳಬಹುದು. ಆ ತಡೆಯನ್ನು ಹಾಕಿದ ಅಂತಾರಾಷ್ಟ್ರೀಯ ಆಯೋಗದ ನಿರ್ಬಂಧ ದೊಡ್ಡ ತಿಮಿಂಗಿಲಗಳಿಗೆ ಮಾತ್ರ ಸೀಮಿತವೆಂದು ಅದರ ಸದಸ್ಯರಲ್ಲಿ ಅನೇಕರ ವಾದ. ಡಾಲ್ಫಿನ್ನಿನಂಥ ಚಿಕ್ಕವು ಆಯಾ ದೇಶದ ವಿವೇಚನೆಗೆ ಬಿಟ್ಟವು. 2019ರಲ್ಲಿ ಜಪಾನು ಆ ಆಯೋಗದಿಂದಲೇ ಹೊರಬಂದಿತು.

ಇನ್ನು ಖಂಡಿಸುವ ದೇಶಗಳ ಕೈಯೂ ಶುದ್ಧವಲ್ಲ. ಪೂರ್ವ ಪೆಸಿಫಿಕ್ಕಿನಲ್ಲಿ ಟ್ಯೂನಾ ಮೀನು ಡಾಲ್ಫಿನ್ ಹಿಂಡಿನ ಕೆಳಗೆ ಈಜುವುದನ್ನು ಅರಿತ ಅಮೆರಿಕದ ಹಡಗುಗಳು 1950ರ ದಶಕದ ಕೊನೆಯಿಂದ ಡಾಲ್ಫಿನ್ನುಗಳ ಸುತ್ತಲೇ ಬಲೆ ಬೀಸತೊಡಗಿದವು. ಆ ಮೀನುಗಾರಿಕೆಯಲ್ಲಿ ಮಡಿದ ಡಾಲ್ಫಿನ್ನುಗಳು 60 ಲಕ್ಷಕ್ಕೂ ಮಿಗಿಲೆಂದು ಅಂದಾಜು. ತೈಜಿಯ ಶತಮಾನಗಳ ಬೇಟೆಯನ್ನೆಲ್ಲ ಕೂಡಿಸಿದರೂ ಈ ಸಂಖ್ಯೆಯ ಸಮೀಪಕ್ಕೆ ಬರುವುದು ಅಸಂಭವ. ಆ ಟ್ಯೂನಾ ಹಡಗುಗಳಲ್ಲಿ ಈಟಿಯಿರಲಿಲ್ಲ, ಕೆಂಪಾದ ಕೊಲ್ಲಿಯಿರಲಿಲ್ಲ. ಡಬ್ಬಿಯಲ್ಲಿ ತುಂಬಿದ ಮೀನು ಮಾತ್ರ ಇತ್ತು.

ಅಶೋಕನ ಪಟ್ಟಿ, ನಮ್ಮ ಕಾನೂನು

ನಮ್ಮ ದೇಶದಲ್ಲಿ ಈ ಪ್ರಾಣಿಗೆ ರಾಜರಕ್ಷೆಯ ಇತಿಹಾಸ ಬಹು ಹಳೆಯದು. ಪಟ್ಟಾಭಿಷೇಕವಾದ 26 ವರ್ಷಗಳ ಮೇಲೆ ಅಶೋಕನು ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಕೂಡದ ಪ್ರಾಣಿಗಳ ಪಟ್ಟಿಯುಂಟು. ಅದರಲ್ಲಿ ಬರುವ ‘ಗಂಗಾಪುಪುಟಕ’ವನ್ನು ಗಂಗೆಯ ಡಾಲ್ಫಿನ್ನೆಂದೇ ವಿದ್ವಾಂಸರಲ್ಲಿ ಅನೇಕರು ಗುರುತಿಸಿದ್ದಾರೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಉಳಿಸಿಕೊಂಡು ಬಂದ ಕನ್ನಡನಾಡಿಗೆ ಆ ಪಟ್ಟಿ ಪರಕೀಯವಲ್ಲ.

ಆದರೂ ಗಂಗೆಯಲ್ಲಿ ಬೇಟೆ ನಡೆಯಿತು. ಡಾಲ್ಫಿನ್ನಿನ ಎಣ್ಣೆಯನ್ನು ನೀರಿಗೆ ಹನಿಸಿದರೆ ಕೆಲವು ಜಾತಿಯ ಮೀನುಗಳು ಮುತ್ತಿಕೊಳ್ಳುವುವೆಂದು ಬಿಹಾರ, ಅಸ್ಸಾಮುಗಳ ಬಡ ಬೆಸ್ತರು ಅದನ್ನು ಕೊಲ್ಲುತ್ತಿದ್ದರು. ಪಾಟ್ನಾ ವಿಶ್ವವಿದ್ಯಾಲಯದ ರವೀಂದ್ರ ಕುಮಾರ್ ಸಿನ್ಹಾ ಅವರು ಬೆಸ್ತರನ್ನು ಬೈಯುವುದಕ್ಕೆ ಬದಲಾಗಿ, ಬಿಸಾಡುವ ಮೀನಿನ ಕರುಳು ತುಣುಕುಗಳಿಂದ ತೆಗೆದ ಎಣ್ಣೆಯೂ ಅದೇ ಕೆಲಸವನ್ನು ಮಾಡುವುದೆಂದು ತೋರಿಸಿಕೊಟ್ಟರು. ನಿಷೇಧದೊಡನೆ ಮಾರ್ಗವನ್ನೂ ತೋರಿಸಿದ ಈ ರೀತಿ ನನಗೆ ಬಹು ಮೆಚ್ಚಿಕೆಯಾದದ್ದು. 2009ರಲ್ಲಿ ಗಂಗೆಯ ಡಾಲ್ಫಿನ್ ರಾಷ್ಟ್ರೀಯ ಜಲಚರವಾಯಿತು. 2025ರಲ್ಲಿ ಪ್ರಕಟವಾದ ಮೊದಲ ಸಮಗ್ರ ಗಣತಿಯಲ್ಲಿ ನಮ್ಮ ನದಿಗಳಲ್ಲಿ 6,327 ಡಾಲ್ಫಿನ್ನುಗಳಿರುವುದು ತಿಳಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಡಾಲ್ಫಿನ್ನುಗಳಿವೆ. ಅಂದರೆ ಹುಲಿಗೆ ಇರುವ ರಕ್ಷೆಯೇ ಅವಕ್ಕೂ ಉಂಟು. ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವು, ಡಾಲ್ಫಿನ್ನುಗಳನ್ನು ಕೊಳದಲ್ಲಿಟ್ಟು ಆಡಿಸುವ ಉದ್ಯಮಕ್ಕೆ ಅನುಮತಿ ಕೊಡಕೂಡದೆಂದು ರಾಜ್ಯಗಳಿಗೆ ಬರೆಯಿತು. ಇವು ಮಾನುಷರಲ್ಲದ ವ್ಯಕ್ತಿಗಳೆಂದು ಭಾವಿಸಿ, ಇವುಗಳಿಗೆ ತಮ್ಮದೇ ಆದ ಹಕ್ಕುಗಳಿರಬೇಕೆಂಬ ವಿಚಾರವನ್ನು ಆ ಪತ್ರ ಎತ್ತಿಹಿಡಿಯಿತು. ತೈಜಿಯ ಬೇಟೆಗೆ ಹಣ ತರುವ ಮಾರುಕಟ್ಟೆಯ ಒಂದು ಬಾಗಿಲು ಹೀಗೆ ಭಾರತದಲ್ಲಿ ಮುಚ್ಚಿತು.

ಕಾಣದ ಬೇಟೆ

ನಮ್ಮ ಕರಾವಳಿಯ ಮೊಗವೀರರಾಗಲಿ, ಖಾರ್ವಿಗಳಾಗಲಿ, ಹರಿಕಂತ್ರರಾಗಲಿ, ಅಂಬಿಗರಾಗಲಿ ಡಾಲ್ಫಿನ್ನನ್ನು ಬೆನ್ನಟ್ಟಿ ಕೊಲ್ಲುವ ಜನವಲ್ಲ. ಹಾಗಿದ್ದೂ ಅದು ಸಾಯುತ್ತದೆ. ನೀರಿನಲ್ಲಿ ಪರದೆಯಂತೆ ಇಳಿಬಿಟ್ಟು, ಮೀನಿನ ಕಿವಿರು ಕಣ್ಣಿಗೆ ಸಿಕ್ಕಿಕೊಳ್ಳುವಂತೆ ಹೆಣೆದ ನೈಲಾನ್ ಬಲೆಯಲ್ಲಿ, ಅದೇ ಮೀನಿನ ಆಸೆಗೆ ಬಂದ ಡಾಲ್ಫಿನ್ ತೊಡಕಿಕೊಳ್ಳುತ್ತದೆ. ಮೇಲೆ ಬಂದು ಉಸಿರೆಳೆಯಲಾರದೆ, ನಾನು ಮೊದಲೇ ಹೇಳಿದ ಆ ಎಚ್ಚರದ ಉಸಿರು ಕಟ್ಟಿ, ಕತ್ತಲೆಯಲ್ಲಿ ಪ್ರಾಣ ಬಿಡುತ್ತದೆ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, 1950ರಿಂದ 2018ರವರೆಗೆ ಹಿಂದೂ ಮಹಾಸಾಗರದಲ್ಲಿ ಟ್ಯೂನಾ ಹಿಡಿಯುವ ಇಂಥ ಬಲೆಗಳಲ್ಲಿ ಸಿಕ್ಕಿಬಿದ್ದ ಡಾಲ್ಫಿನ್ ಮೊದಲಾದ ಚಿಕ್ಕ ತಿಮಿಂಗಿಲಗಳ ಸಂಖ್ಯೆ ಸುಮಾರು 41 ಲಕ್ಷ. ಯಾರ ದ್ವೇಷವೂ ಇಲ್ಲದೆ, ಯಾರ ಬಯಕೆಯೂ ಇಲ್ಲದೆ ಆದ ಸಾವುಗಳಿವು.

ಬಲೆಗೆ ಸಿಕ್ಕ ಡಾಲ್ಫಿನ್ ಮೀನುಗಾರನಿಗೆ ಲಾಭವಲ್ಲ, ನಷ್ಟ. ಬಂಗುಡೆಯನ್ನು ಕಿತ್ತು ತಿನ್ನುವ ಭರದಲ್ಲಿ ಅದು ಬಲೆಯನ್ನು ಹರಿಯುತ್ತದೆ. ಜೀವಂತವಾಗಿ ಸಿಕ್ಕರೆ ಬಿಡಿಸಲು ಬಲೆಯನ್ನೇ ಕೊಯ್ಯಬೇಕು. ಸಾಲ ಮಾಡಿ ತಂದ ಬಲೆ ಅದು. ಸತ್ತು ಸಿಕ್ಕರೆ ಕಾನೂನಿನ ಭಯ: ಕಾಯ್ದೆಯಲ್ಲಿ ‘ಬೇಟೆ’ ಎಂಬ ಶಬ್ದಕ್ಕೆ ಕೊಲ್ಲುವುದು, ಹಿಡಿಯುವುದು, ಬಲೆಗೆ ಕೆಡಹುವುದು ಎಲ್ಲವೂ ಸೇರುತ್ತವೆ. ಹುಲಿಯನ್ನು ಕೊಂದವನ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಯಾರೆಂದು ಅಂಜಿದ ಮನುಷ್ಯ ಸತ್ತ ಪ್ರಾಣಿಯನ್ನು ಸದ್ದಿಲ್ಲದೆ ಕಡಲಿಗೆ ಜಾರಿಸಿ ಮನೆಗೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಲೆಕ್ಕವೇ ಸಿಗದ ಮೇಲೆ ಪರಿಹಾರವನ್ನು ಯಾವ ಆಧಾರದ ಮೇಲೆ ಯೋಚಿಸುವುದು?

ಈಗ ಹೊರಗಿನಿಂದಲೂ ಒತ್ತಡ ಬಂದಿದೆ. ಕಡಲಿನ ಸಸ್ತನಿಗಳ ರಕ್ಷಣೆಯಲ್ಲಿ ತನ್ನ ಮಟ್ಟಕ್ಕೆ ಬಾರದ ಮೀನುಗಾರಿಕೆಯ ಸರಕನ್ನು ಕೊಳ್ಳುವುದಿಲ್ಲವೆಂಬ ಅಮೆರಿಕದ ನಿಯಮ ಹಲವು ಮುಂದೂಡಿಕೆಗಳ ಬಳಿಕ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಕಡಲಾಮೆಗಳ ಕಾರಣದಿಂದ ನಮ್ಮ ಕಡಲಲ್ಲಿ ಹಿಡಿದ ಸಿಗಡಿಗೆ 2019ರಿಂದಲೇ ಅಲ್ಲಿ ಬಾಗಿಲು ಮುಚ್ಚಿತ್ತು. ನಿಯಮ ಒಳ್ಳೆಯದೇ ಇರಬಹುದು. ಆದರೆ ಲಕ್ಷಾಂತರ ಡಾಲ್ಫಿನ್ನುಗಳನ್ನು ಬಲಿಗೊಟ್ಟು ಪಾಠ ಕಲಿತ ದೇಶ ಆ ಪಾಠದ ಶುಲ್ಕವನ್ನು ಮಲ್ಪೆಯ, ತದಡಿಯ, ಬೇಲೇಕೇರಿಯ ಮೀನುಗಾರನಿಂದ ವಸೂಲು ಮಾಡುವುದು ನ್ಯಾಯವೆನಿಸದು.

ಬಂಕಾಪುರದ ನವಿಲು ಹೇಳುವುದೇನು

ಈ ಸಂಕಟ ನಮಗೆ, ಕಡಲಿನಿಂದ ದೂರವಿರುವವರಿಗೆ, ಅರ್ಥವಾಗದ್ದಲ್ಲ. ಬಂಕಾಪುರದ ಹಳೆಯ ಕೋಟೆಯೊಳಗೆ ನವಿಲುಧಾಮವಿದೆ. ಬೆಳಗಿನ ಹೊತ್ತು ಕೋಟೆಯ ಮರಗಳಿಂದ ಬರುವ ಕೇಕೆಯನ್ನು ಕೇಳಿದವರಿಗೆ ಅದೊಂದು ಧನ್ಯತೆ. ಆದರೆ ಸುತ್ತಿನ ಹೊಲದವನಿಗೆ ಅದೇ ನವಿಲು ಬಿತ್ತಿದ ಕಾಳನ್ನು ಹೆಕ್ಕುವ, ಮೊಳಕೆಯನ್ನು ಕುಕ್ಕುವ ಹಕ್ಕಿ. ಇದೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅದರ ಅಂಚಿನ ರೈತನ ಗೋವಿನಜೋಳಕ್ಕೆ ರಾತ್ರಿ ಹಿಂಡು ಇಳಿದರೆ ಬೆಳಗಿನ ವೇಳೆಗೆ ಉಳಿಯುವುದು ದಂಟು.

1978ರಲ್ಲಿ ಜಪಾನಿನ ಇಕಿ ದ್ವೀಪದ ಮೀನುಗಾರರು ತಮ್ಮ ಮೀನನ್ನು ಡಾಲ್ಫಿನ್ನುಗಳು ತಿನ್ನುತ್ತಿವೆಯೆಂದು ಸಿಟ್ಟಿಗೆದ್ದು ಸಾವಿರಕ್ಕೂ ಹೆಚ್ಚನ್ನು ಕೊಂದಾಗ, ಅವರ ಎದೆಯಲ್ಲಿದ್ದುದು ಬೆಳೆಗೆ ವಿಷದ ಕಾಳು ಬೆರೆಸುವ ರೈತನ ಎದೆಯಲ್ಲಿರುವ ಸಿಟ್ಟೇ. ಇದನ್ನು ಹೇಳುವುದರಿಂದ ನಾನು ಆ ಕೊಲೆಯನ್ನಾಗಲಿ ಈ ವಿಷವನ್ನಾಗಲಿ ಸಮರ್ಥಿಸುತ್ತಿಲ್ಲ. ಜೀವವನ್ನು ದೂರದಿಂದ ಪ್ರೀತಿಸುವವರು ಹತ್ತಿರದಲ್ಲಿದ್ದು ನಷ್ಟ ಅನುಭವಿಸುವವನ ನಷ್ಟದಲ್ಲಿ ಪಾಲು ಪಡೆಯದಿದ್ದರೆ ಆ ಪ್ರೀತಿಗೆ ಅರ್ಥವಿಲ್ಲವೆಂಬುದಷ್ಟೇ ನನ್ನ ಮಾತು. ಹೊಲಕ್ಕೆ ಆನೆ ನುಗ್ಗಿದರೆ, ಹಂದಿ ಹೊಕ್ಕರೆ ಅರಣ್ಯ ಇಲಾಖೆ ಬೆಳೆಪರಿಹಾರ ಕೊಡುವುದುಂಟು. ಸಾಲದೆಂದು ರೈತ ಕೂಗುವುದೂ ಉಂಟು. ಆದರೂ ಪರಿಹಾರ ರೈತನ ಹಕ್ಕೆಂಬ ತತ್ತ್ವವನ್ನು ನೆಲದ ಮೇಲೆ ಒಪ್ಪಿಕೊಂಡಿದ್ದೇವೆ. ನೀರಿನ ಮೇಲೆಯೂ ಅದನ್ನು ಒಪ್ಪಬೇಕು.

ಇದು ಆಗದ ಮಾತಲ್ಲ. ಗುಜರಾತಿನ ತೀರದಲ್ಲಿ ತಿಮಿಂಗಿಲ ಶಾರ್ಕ್ ಎಂಬ ಮಹಾಮತ್ಸ್ಯವನ್ನು ಯಕೃತ್ತಿನ ಎಣ್ಣೆಗಾಗಿಯೂ ಮಾಂಸಕ್ಕಾಗಿಯೂ ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನಿನ ರಕ್ಷೆ ಬಂದಿತು. ಆದರೆ ಜನರ ಮನಸ್ಸನ್ನು ತಿರುಗಿಸಿದುದು 2004ರಲ್ಲಿ ಆರಂಭವಾದ ಆಂದೋಲನ: ಕಥಾವಾಚಕರಾದ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಕರೆದರು, ‘ವ್ಹಾಲಿ’, ಮುದ್ದಿನವಳು, ಎಂಬ ಹೆಸರಿಟ್ಟರು. ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತಿನ ಬಲವನ್ನು ಬಿಡಿಸಿ ಹೇಳಬೇಕಿಲ್ಲ. ಮಾತಿನೊಡನೆ ಹಣವೂ ಬಂದಿತು: ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು, ಬಿಡಿಸಿದ ಚಿತ್ರವನ್ನು ಮೀನುಗಾರರೇ ತೆಗೆದು ತೋರಿಸಿದರೆ ಸಾಕೆಂದಾಯಿತು. ಒಂದು ಕಾಲದಲ್ಲಿ ಕೊಂದ ಕೈಗಳೇ ನೂರಾರು ಮೀನುಗಳನ್ನು ಬಿಡಿಸಿ ಕಳಿಸಿವೆ. ಮಹಾರಾಷ್ಟ್ರವೂ 2018ರ ಕೊನೆಯಿಂದ ಡಾಲ್ಫಿನ್, ಕಡಲಾಮೆಗಳನ್ನು ಬಿಡಿಸಲು ಬಲೆ ಕೊಯ್ದವರಿಗೆ 25,000 ರೂಪಾಯಿಯವರೆಗೆ ಕೊಡುವ ಕ್ರಮವನ್ನು ತಂದಿದೆ.

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಪ್ರತಿಯೊಂದು ಬಂದರಿನಲ್ಲಿಯೂ ಇಂಥ ಪರಿಹಾರ ತಡವಿಲ್ಲದೆ ಕೈಗೆ ಸಿಗುವಂತಾಗಬೇಕು. ಅದಕ್ಕಿಂತ ಮುಖ್ಯವಾಗಿ, ಬಲೆಯಲ್ಲಿ ಆಕಸ್ಮಿಕವಾಗಿ ಸತ್ತ ಡಾಲ್ಫಿನ್ನನ್ನು ತಾನಾಗಿ ಬಂದು ತಿಳಿಸಿದ ಮೀನುಗಾರನ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಲಿಖಿತ ಭರವಸೆಯನ್ನು ಸರ್ಕಾರ ಕೊಡಬೇಕು. ಇದಕ್ಕೆ ತಗಲುವ ಹಣ ನಮ್ಮ ತೆರಿಗೆಯಿಂದ ಹೋಗಲಿ. ಬಂಗುಡೆಯನ್ನು ತಿನ್ನುವವರೂ ತಿನ್ನದವರೂ ಅದರಲ್ಲಿ ಸಮಪಾಲುದಾರರು.

ಈ ಚಳಿಗಾಲದಲ್ಲಿ ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ಗುರುಗಳಲ್ಲಿ ಒಂದು ಕೋರಿಕೆ. ಡಾಲ್ಫಿನ್ ತೋರಿಸಲು ದೋಣಿಯವನು ಹಿಂಡನ್ನು ಬೆನ್ನಟ್ಟಿದರೆ ಬೇಡವೆನ್ನಿ. ಎಂಜಿನ್ನು ನಿಲ್ಲಿಸಿ ಕಾಯಲು ಹೇಳಿ. ಸತ್ತುದಾಗಲಿ ಗಾಯಗೊಂಡುದಾಗಲಿ ದಡದಲ್ಲಿ ಬಿದ್ದಿದ್ದರೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿ. ಮರಳುವ ಮುನ್ನ ಬಂದರಿನಲ್ಲಿ ಅರ್ಧ ಗಂಟೆ ನಿಂತು, ಬಲೆಯ ಹರಕನ್ನು ಹೊಲಿಯುತ್ತ ಕುಳಿತವರ ಬಳಿಗೆ ಮಕ್ಕಳನ್ನು ಕರೆದೊಯ್ದು, ಆ ಹರಕು ಹೇಗಾಯಿತೆಂದು ಅವರ ಬಾಯಿಂದಲೇ ಕೇಳಿಸಿ.